ಮುಚ್ಚಿಟ್ಟ ಬೆರಳಿಗೆ ಕಟ್ಟಿದ ತಂತಿ

"ತಂತಿ ಬದಲಾಯಿಸಿ ಅಂದಿದ್ದೆ ಅಷ್ಟೇ. ಇಷ್ಟೆಲ್ಲ ಮಾಡೋಕೆ ನಿಮಗೆ ಹೇಳಿದ್ಯಾರು?"

ಮೇಘನ ಎಲೆಕ್ಟ್ರಿಕ್ ಗಿಟಾರನ್ನು ಮೇಜಿನ ಮೇಲಿಟ್ಟಳು. ಕೋಲಾರದ ಆ ಪುಟ್ಟ ರಿಪೇರಿ ಅಂಗಡಿಯಲ್ಲಿ ವೆಂಕಟ್ ಸ್ಕ್ರೂಡ್ರೈವರ್ ಹಿಡಿದೇ ಎದ್ದು ನಿಂತ.

ಗಂಟೆ ಮೂರು. ಐದಕ್ಕೆ ಉಮಾಶಂಕರ್ ಅವರ ಆರ್ಕೆಸ್ಟ್ರಾದಲ್ಲಿ ಅವಳ ಪರೀಕ್ಷೆ. ಆರು ತಿಂಗಳು ರಜೆ ಹಾಕಿದ್ದ ಗಿಟಾರಿಸ್ಟ್ ಇನ್ನೂ ಬಾರಿಸಬಲ್ಲಳೇ ಎಂದು ಅವರು ನೋಡಬೇಕಿತ್ತು. ಇಲ್ಲದಿದ್ದರೆ ಅವಳ ಜಾಗ ಬೇರೊಬ್ಬರಿಗೆ.

ರಜೆಗೆ ಅವಳು ಹೇಳಿದ್ದ ಕಾರಣ ಮನೆಯ ತಾಪತ್ರಯ. ನಿಜವಾದ ಕಾರಣ, ವೇಮಗಲ್‌ನ ಕಾರ್ಖಾನೆಯಲ್ಲಿ ಕೆಲಸದ ವೇಳೆ ಯಂತ್ರಕ್ಕೆ ಸಿಕ್ಕ ಎಡಗೈ ಉಂಗುರ ಬೆರಳು. ಗಾಯ ಮಾಗಿತ್ತು, ಬಲ ಮಾತ್ರ ಪೂರ್ತಿ ಬಂದಿರಲಿಲ್ಲ.

ಬೆಳಿಗ್ಗೆ ಕ್ಯಾಲನೂರಿನ ಡೈರಿಗೆ ಹಾಲು ಹಾಕಿ ಬಂದು ಅಂಗಡಿ ತೆರೆಯುವ ವೆಂಕಟ್‌ಗೆ ಒಂದು ರೂಢಿಯಿತ್ತು. ಯಾರದೇ ಗಿಟಾರಾಗಲಿ, ಅವರು ಬಾರಿಸುವುದನ್ನು ನೋಡದೆ ಅವನು ಮುಟ್ಟುತ್ತಿರಲಿಲ್ಲ. ಒಂದೊಂದು ಕೈಗೆ ಒಂದೊಂದು ಹದ ಅನ್ನುವುದು ಅವನ ಮಾತು.

ಹೋದ ವಾರ ಅವಳಿಗೂ ಬಾರಿಸಲು ಹೇಳಿದ್ದ. ಆಗ ಅವನ ಕಣ್ಣು ಅವಳ ಕೈಯಿಂದ ಕದಲಿರಲಿಲ್ಲ. 'ಗಾಯದ ಗುರುತು ನೋಡಿ ಅಯ್ಯೋ ಪಾಪ ಅಂದುಕೊಳ್ಳುತ್ತಿದ್ದಾನೆ...' ಎಂದು ಅವಳಿಗೆ ಮೈಯೆಲ್ಲ ಉರಿದಿತ್ತು. ಉರಿದರೇನು, ವಾರವಿಡೀ ನೆನಪಾಗಿದ್ದೂ ಅದೇ ಕಣ್ಣುಗಳು. ಅದನ್ನು ಒಪ್ಪಿಕೊಳ್ಳುವ ಜಾಯಮಾನ ಮೇಘನಳದಲ್ಲ.

ಈಗ ನೋಡಿದರೆ ತಂತಿಗಳು ತೆಳ್ಳಗಾಗಿವೆ, ಗಿಟಾರಿನ ಕತ್ತಿಗೆ ತೀರ ಹತ್ತಿರಕ್ಕೆ ಇಳಿದಿವೆ. ಮೇಜಿನ ಮೇಲೆಯೇ ಅವಳು ಬಲವಾಗಿ ಒತ್ತಿ ಮೀಟಿ ತೋರಿಸಿದಳು: ಗರ್ರೆನ್ನುತ್ತವೆ, ಶ್ರುತಿ ತಪ್ಪುತ್ತವೆ.

"ಕನಿಕರಕ್ಕೆ ಮಾಡಿದ್ರಾ?"

"ಇಲ್ಲ. ನಿಮ್ಮ ಕೈ ಮೆತ್ತಗೆ ಅಂದ್ಕೊಂಡೆ. ಅವತ್ತು ಹೂವು ಮುಟ್ಟಿದ ಹಾಗೆ ಬಾರಿಸಿದ್ರಿ. ಈಗ ಇಷ್ಟು ಜೋರಾಗಿ ಒತ್ತುತ್ತಿದ್ದೀರ." ವೆಂಕಟ್ ಸ್ಕ್ರೂಡ್ರೈವರ್ ಕೆಳಗಿಟ್ಟ. "ಇದ್ರಲ್ಲಿ ಯಾವುದು ನಿಜವಾದ ಕೈ?"

ಅಂದು ನೋವು ಮುಖದಲ್ಲಿ ಕಾಣದಿರಲೆಂದು ಮೆಲ್ಲಗೆ ಬಾರಿಸಿ ನಾಟಕವಾಡಿದ್ದಳು. ಪಾಪ, ಅವನು ಆ ಸುಳ್ಳು ಕೈಗೇ ಹದ ಮಾಡಿದ್ದ.

ಈಗ ಹೇಳಿದರೆ ಗುಟ್ಟು ರಟ್ಟು. ಹೇಳದಿದ್ದರೆ ಐದು ಗಂಟೆಗೆ ಮಾನ ಹೋಗುತ್ತದೆ...

ಮೇಘನ ಗಿಟಾರನ್ನು ಎತ್ತಿಕೊಂಡಳು. ಈ ಸಲ ನಿಜವಾಗಿಯೇ ಬಾರಿಸಿದಳು. ಉಂಗುರ ಬೆರಳು ಜಾರಿತು, ಅದರ ಭಾರವನ್ನೂ ಹೊತ್ತ ಉಳಿದ ಬೆರಳುಗಳು ತಂತಿಯನ್ನು ಅದುಮಿದವು. ಕಣ್ಣಲ್ಲಿ ನೀರು ತುಂಬಿತು. ವೆಂಕಟ್ ಒಂದೇ ಒಂದು ಸಮಾಧಾನದ ಮಾತೂ ಆಡಲಿಲ್ಲ. ಅದಕ್ಕೇ ಅವನು ಅವಳಿಗೆ ಹಿಡಿಸಿಬಿಟ್ಟ.

"ಆ ಬೆರಳಿಗೆ ಕಷ್ಟ ಆಗೋದು ಕೆಳಗಿನ ಮೂರು ತಂತೀಲಿ. ಅವು ತೆಳ್ಳಗೇ ಇರ್ಲಿ. ಮೇಲಿನ ಮೂರಕ್ಕೆ ದಪ್ಪದ್ದು ಹಾಕ್ತೀನಿ, ನಿಮ್ಮ ಜೋರು ತಡ್ಕೊಳ್ಳುತ್ತೆ," ಎಂದ.

ತಂತಿ ಕಟ್ಟಿ, ಅದರ ಎತ್ತರ ಹೊಂದಿಸುವ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಬಾರಿಸಿ ಎನ್ನುತ್ತಿದ್ದ. ಮತ್ತೆ ತಿರುಗಿಸುತ್ತಿದ್ದ. ಗಡಿಯಾರದ ಕಡೆ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಗರ್ರೆನ್ನುವುದು ನಿಂತಾಗ ನಾಲ್ಕೂ ಮುಕ್ಕಾಲು. ಬೈಕಿನಲ್ಲಿ ಅವನೇ ಕರೆದೊಯ್ದ.

ಬಾರಿಸುವ ಮುಂಚೆ ಮೇಘನ ಉಮಾಶಂಕರ್ ಅವರಿಗೆ ಬೆರಳಿನ ಸಂಗತಿಯನ್ನೆಲ್ಲ ಹೇಳಿದಳು. ಅವರು ಬಾಗಿ ಗಾಯದ ಗುರುತನ್ನು ನೋಡಿದರು.

"ಸರೇ. ಬಾರಿಸಮ್ಮ, ಕೇಳ್ತೀನಿ."

ಕಷ್ಟದ ಜಾಗ ಬಂತು. ಉಂಗುರ ಬೆರಳು ನಡುಗಿತು... ತಂತಿ ಬಾಗಿತು, ಸ್ವರ ಶ್ರುತಿ ತಪ್ಪದೆ ನಿಂತಿತು. ಭಾನುವಾರ ಮಾಲೂರಿನ ರಿಸೆಪ್ಷನ್‌ಗೆ ಮೂರಕ್ಕೇ ರೆಡಿಯಿರಬೇಕು ಎಂದಷ್ಟೇ ಹೇಳಿ ಉಮಾಶಂಕರ್ ಎದ್ದರು.

ಹೊರಗೆ ವೆಂಕಟ್ ಬೈಕಿನ ಪಕ್ಕ ನಿಂತಿದ್ದ.

"ಒಳಗೆ ಯಾಕೆ ಬರ್ಲಿಲ್ಲ?"

"ನಾನು ನೋಡ್ತಿದ್ರೆ ಮತ್ತೆ ಮೆತ್ತಗೆ ಬಾರಿಸ್ತೀರೇನೋ ಅಂತ ಭಯ ಆಯ್ತು. ಕಿಟಕಿ ಹತ್ರ ನಿಂತು ಕೇಳ್ದೆ."

"ಹೋದ ವಾರ ಕೈಯನ್ನ ಯಾಕೆ ಅಷ್ಟು ನೋಡ್ತಿದ್ರಿ?"

ಅವನು ಕತ್ತು ಬಗ್ಗಿಸಿದ. "ಮೊದ್ಲು ಕೆಲಸಕ್ಕೆ ನೋಡ್ದೆ. ಆಮೇಲೆ... ಮುಖ ನೋಡೋಕೆ ಧೈರ್ಯ ಸಾಲ್ದೆ ಕೈಯನ್ನೇ ನೋಡ್ತಿದ್ದೆ. ಅವತ್ತಿಂದ ನೀವಂದ್ರೆ ಇಷ್ಟ, ಮೇಘನ."

ಆರು ತಿಂಗಳಿಂದ ವೇಲಿನಡಿ ಅಡಗಿರುತ್ತಿದ್ದ ಎಡಗೈಯನ್ನು ಅವಳು ಹೊರತೆಗೆದು ಚಾಚಿದಳು.

"ಮೆಲ್ಲಗೆ ಹಿಡ್ಕೊಳ್ಳಿ. ಇನ್ನೂ ನೋಯುತ್ತೆ."

"ಎಲ್ಲಿ ನೋಯುತ್ತೆ ಅಂತ ಹೇಳ್ತಾ ಇರಿ."

"ಹೇಳ್ತೀನಿ. ನಿಮ್ಮ ಹತ್ರ ಇನ್ನು ಮುಚ್ಚಿಡಲ್ಲ."