ಹದಿನೇಳು ಜೋಗುಳ, ಎರಡು ಫೈಲು

"ಹದಿನೇಳು ಜೋಗುಳದಾಗ ಹದಿನೈದು ಮಾಯ!"

ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಸುರಭಿ ಕೂಗಿದಳು. ಕೋಥರೂಡದ ಆ ಮೂರನೆಯ ಮಹಡಿಯ ಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಬಿದ್ದ ಹೊತ್ತು. ಅತ್ತಿಗೆ ನೀಲಿಮಾ ಕೂಸನ್ನು ಹೆಗಲಿಗೆ ಹಾಕಿಕೊಂಡೇ ಓಡಿಬಂದಳು. ಅಂಬಾ ಅಜ್ಜಿ ಮಾತ್ರ ಅವಸರ ಮಾಡಲಿಲ್ಲ. ಬಿಡಿಸುತ್ತಿದ್ದ ಮೆಂತ್ಯದ ಸೊಪ್ಪನ್ನು ಬುಟ್ಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಎರಡನೆಯ ಇಯತ್ತೆಗೇ ಸಾಲೆ ಬಿಟ್ಟವಳು. ಆದರೆ ಅವಳ ಕಿವಿಗೆ ಒಮ್ಮೆ ಬಿದ್ದದ್ದು ಮತ್ತೆ ಹೊರಗೆ ಹೋದದ್ದಿಲ್ಲ.

ನಾಳೆ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಬಂದವರ ಕೈಗೆ ಕೊಡಲು ಜೋಗುಳದ ಪುಸ್ತಕ ಮಾಡಬೇಕೆಂದು ಸುರಭಿ ನಿನ್ನೆ ಮಧ್ಯಾಹ್ನ ಹದಿನೇಳು ಹೆಂಗಸರಿಂದ ಹಾಡಿಸಿದ್ದಳು, ಹಾಡಿದಂತೆ ಟೈಪು ಮಾಡಿದ್ದಳು. ಒಂದೊಂದು ಹಾಡು ಒಂದೊಂದು ಫೈಲಿಗೆ ಹೋಗಿ ಕೂರಲೆಂದು ಪುಟ್ಟ ಪ್ರೋಗ್ರಾಮನ್ನೂ ಬರೆದಿದ್ದಳು. ಪ್ರೆಸ್ಸಿನವನು ಇವತ್ತು ಸಂಜೆ ನಾಲ್ಕರವರೆಗೆ ಕಾಯುತ್ತೇನೆ ಎಂದಿದ್ದ.

"ಉಳದದ್ದು ಯಾವ್ಯಾವು?" ಅಜ್ಜಿ ಕೇಳಿದಳು.

"ಲೀಲಾಕ್ಷಿ ಕಾಕೂದು ಒಂದು. ಇನ್ನೊಂದು—" ಸುರಭಿ ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಶಿವಕಾಂತಾಂದು."

ನೀಲಿಮಾಳ ಹುಬ್ಬು ಮೇಲೇರಿತು. "ಮತ್ತೇನ! 'ಅಳಬ್ಯಾಡ ಅಳಬುರಕಿ, ನಿಮ್ಮಪ್ಪ ಬಂದಾನು' — ಇದೆಂಥಾ ಜೋಗುಳ ಅಂತ ನಾ ನಿನ್ನೆ ನಕ್ಕಿದ್ದೆ. ಆ ಸಿಟ್ಟು! ಸಂಜೀಕ ಲ್ಯಾಪ್‌ಟಾಪ್ ಮ್ಯಾಲೆ ಅರಿವಿ ಆಡಸ್ಲಿಕ್ಕತ್ತಿದ್ದು ನಾನೇ ನೋಡೀನಿ. ತನ್ನ ಹಾಡೊಂದ ಬಿಟ್ಟು ಉಳಿದವ್ರದೆಲ್ಲಾ ಅಳಿಸ್ಯಾಳ!"

ಶಿವಕಾಂತಾ ಬಾಗಿಲಲ್ಲಿ ನಿಂತಿದ್ದಳು. ಯಾದಗಿರಿ ಕಡೆಯವಳು, ನಾಲ್ಕು ವರ್ಷದಿಂದ ಈ ಮನೆಯ ಅಡಿಗೆ ಅವಳದು.

"ಧೂಳ ಒರಸೀನ್ರಿ. ಹಾಡ ಮುಟ್ಟಿಲ್ಲ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಕಳ್ಳಿ ಅಂದ ಮನ್ಯಾಗ ನಾ ಒಲಿ ಹಚ್ಚಂಗಿಲ್ರಿ. ಬರ್ತೀನಿ."

ಚಪ್ಪಲಿಗೆ ಕಾಲು ಹಾಕಿಯೇಬಿಟ್ಟಳು.

"ನಿಂದರು ಶಿವಕಾಂತಾ," ಅಜ್ಜಿ ಮೆಲ್ಲಗೆ ಅಂದಳು. "ಐದು ನಿಮಿಷ. ಆಮ್ಯಾಲೆ ಹೋಗಾಕಿದ್ರ ನಾನೂ ನಿನ್ನ ಜೋಡಿ ಬರ್ತೀನಿ. ಇವರ ಕೈಯಾಗಿನ ಭಕ್ಕರಿ ಕಡಿಲಿಕ್ಕೆ ನನಗ ಹಲ್ಲಿಲ್ಲ."

ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. "ಲೀಲಾಕ್ಷಿ ಎಷ್ಟನೇದಾಕಿ ಹಾಡಿದ್ಲು?"

"ಯಾರಿಗೆ ನೆನಪದ ಅಜ್ಜಿ?"

"ನನಗದ. ಖಡಕಿಯಿಂದ ಬರೂ ಬಸ್ಸು ತಪ್ಪಿ ಎಲ್ಲಾರಕಿಂತ ಕಡೀಕ ಬಂದ್ಲು. ಆಕೀದು ಮುಗದ ಮ್ಯಾಲೆ ನೀ ಇದನ್ನ ಮುಚ್ಚಿದಿ. ಶಿವಕಾಂತಾ ನಡುವ, ಚಹಾ ಕೊಡಲಿಕ್ಕೆ ಬಂದಾಗ ಹಾಡಿದ್ಲು. ಸಿಟ್ಟಿಗೆ ಅಳಸಾಕಿ ಲೀಲಾಕ್ಷೀದು ಯಾಕ ಬಿಟ್ಲು? ಆಕಿ ಏನು ಇವಳ ತಂಗಿಯೇ?"

ನೀಲಿಮಾ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಅಜ್ಜಿ ಸುರಭಿಯನ್ನೇ ಕೇಳಿದಳು.

"ಹಾಡು ಫೈಲಿಗೆ ಹೋದಾಗ ಯಂತ್ರ ಏನರ ಹೇಳ್ತದ?"

"'ಬರೆಯಿತು' ಅಂತ ಬರ್ತದ. ಹದಿನೇಳು ಸಲಾನೂ ಬಂತು!"

"ಅಂದ್ರ ಬರದದ. ಫೈಲಿಗೆ ಹೆಸರಿಡಾವ್ರು ಯಾರು?"

"ಪ್ರೋಗ್ರಾಮೇ ಇಡ್ತದ. ನಾ ಒಂದು ಅಚ್ಚು ಕೊಟ್ಟೀನಿ. 'ಜೋಗುಳ' ಅಂತ ಹಾಕಿ, ಮುಂದ ಹಾಡಿನ ಮೊದಲನೇ ಎರಡು ಶಬ್ದ ಜೋಡಸ್ತದ."

"ಲೀಲಾಕ್ಷೀದಕ್ಕ ಏನು ಹೆಸರು ಬಂತು?"

"ಜೋಗುಳ, ಜೋ, ಜೋ."

"ಎಲ್ಲಾರಕಿಂತ ಮೊದಲ ಹಾಡಿದ ಆರತೀದಕ್ಕ?"

"ಅದಕ್ಕೂ… ಜೋಗುಳ, ಜೋ, ಜೋ."

ಅಜ್ಜಿಯ ಮುಖದಲ್ಲಿ ನಗು ಮೂಡಿತು. "ಹಾಡು ಯಾವುದೇ ಇರಲಿ, ನಮ್ಮ ಹೆಂಗಸರು ತೊಟ್ಟಿಲಿಗೆ ಕೈ ಹಚ್ಚಿ ಮೊದಲ 'ಜೋ ಜೋ' ಅಂದೇ ಮುಂದ ಹೋಗೋದು. ನಿನ್ನೆ ಹದಿನಾರು ಮಂದಿ ಹಂಗೇ ಸುರು ಮಾಡಿದ್ರು. ಶಿವಕಾಂತಾ ಒಬ್ಬಾಕಿ ನೇರ ಕೂಸಿನ್ನ ಬೈಲಿಕ್ಕೆ ಹತ್ತಿದ್ಲು. ಈಗ ಹೇಳು — ಅದೇ ಹೆಸರಿನ ಫೈಲು ಮೊದಲೇ ಇದ್ರ ನಿನ್ನ ಪ್ರೋಗ್ರಾಮು ಏನ ಮಾಡ್ತದ? ನಿನ್ನ ಕೇಳ್ತದೋ? ಕೆಳಗ ಸೇರಸ್ತದೋ?"

ಸುರಭಿಯ ಬೆರಳು ಪರದೆಯ ಮೇಲಿನ ಒಂದೇ ಒಂದು ಅಕ್ಷರದ ಹತ್ತಿರ ನಿಂತಿತು. "ಡಬ್ಲ್ಯೂ…"

"ಹಂಗಂದ್ರ?"

"ಇದ್ದದ್ದನ್ನ ಅಳಿಸಿ ಹೊಸಾದು ಬರಿ ಅಂತ, ಅಜ್ಜಿ."

"ಒಂದೇ ಡಬ್ಬಿ! ಆರತಿ ಚಟ್ನಿ ಚೆಲ್ಲಿ, ಆಕಿ ಹಿಂದ ಹಾಡಿದ ಹರ್ಷದಾನ ಚಟ್ನಿ ತುಂಬಿದಿ. ಅದನ್ನ ಚೆಲ್ಲಿ ಮತ್ತೊಬ್ಬಾಕೀದು. ಕಡೀಕ ಬಂದ ಲೀಲಾಕ್ಷೀದು ಉಳೀತು. ಶಿವಕಾಂತಾಂದು ಬ್ಯಾರೇ ಡಬ್ಬಿ, ಅದಕ್ಕ ಅದನ್ನ ಯಾರೂ ಚೆಲ್ಲಲಿಲ್ಲ. ಕಳ್ಳಿ ಅಡಿಗಿಮನ್ಯಾಗ ಇಲ್ಲ ಸುರಭಿ. ಕುರ್ಚಿ ಮ್ಯಾಲೆ ಕೂತಾಳ."

ಸುರಭಿ ಎದ್ದು ಬಾಗಿಲಿಗೆ ಹೋದಳು. "ತಪ್ಪು ನಂದು, ಶಿವಕಾಂತಾ."

"ಬಾಯಿ ಮಾಡಿದ್ದು ನಾನು," ನೀಲಿಮಾ ತಲೆತಗ್ಗಿಸಿದಳು. "ಸಿಟ್ಟಾಗಬ್ಯಾಡ."

ಶಿವಕಾಂತಾ ಚಪ್ಪಲಿ ಬಿಡಲಿಲ್ಲ. "ಪುಸ್ತಕದ ಗತಿ ಏನ್ರಿ ಮತ್ತ?"

"ಹೋತು. ನಾಲ್ಕರೊಳಗ ಅಷ್ಟು ಮಂದೀನ್ನ ಮತ್ತ ಎಲ್ಲಿಂದ ಕೂಡಸ್ಲಿ?" ಸುರಭಿ ಅಂದಳು.

ಶಿವಕಾಂತಾಳ ಚಪ್ಪಲಿ ಗೋಡೆಯ ಬದಿಗೆ ಸರಿದವು.

"ಒಗ್ಗರಣಿ ಹಾಕಾಕಿಗೆ ಕಿವಿ ಇರಂಗಿಲ್ಲೇನ್ರಿ? ಎಲ್ಲಾ ಕೇಳೀನಿ. ನಾ ಮರತದ್ದು ಅಜ್ಜಿಯವ್ರು ಹೇಳ್ತಾರ." ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಸುರಭಿಯ ಪಕ್ಕದಲ್ಲೇ ಕೂತಳು. "ಈ ಸಲ ಹೆಸರಿನಾಗ ನಂಬರ ಹಾಕ್ರಿ, ಒಂದು, ಎರಡು ಅಂತ. ಹಾಕಿದ್ರ್ಯಾ? ಬರೀರಿ. ಆರತಿಬಾಯಾರ್ದು."

ಕತ್ತು ಕೊಂಕಿಸಿ, ಆರತಿಯ ಮೂಗಿನ ದನಿಯಲ್ಲೇ ಎತ್ತಿದಳು. ಎರಡನೆಯ ನುಡಿಯ ನಡುವೆ ಆರತಿ ಕೆಮ್ಮಿದ್ದಳು, ಅದನ್ನೂ ಬಿಡಲಿಲ್ಲ. ನೀಲಿಮಾ ನಕ್ಕ ಹೊಡೆತಕ್ಕೆ ಹೆಗಲ ಮೇಲಿನ ಕೂಸು ಕಣ್ಣರಳಿಸಿತು.

"ಕೆಮ್ಮನ್ನೂ ಬರೀಲೇನು?" ಸುರಭಿ ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

"ಬರೀರಿ," ಶಿವಕಾಂತಾ ಗಂಭೀರಳಾಗಿ ಅಂದಳು. "ಇಲ್ಲಾಂದ್ರ ಆಕಿ ಇದು ನನ್ನ ಹಾಡೇ ಅಲ್ಲ ಅಂದಾಳು."