ಖಾಲಿ ಗಾಡಿಯ ತೂಕ

ತೊಂಬತ್ತೈದನೇ ಇಸವಿಯಲ್ಲಿ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿ ಅಂಗಳದಲ್ಲಿ ನಾನೇ ಕೈಯಾರೆ ಒಂದು ಕಾರು ಕಟ್ಟಿದೆ. ಸಾಮಾನೆಲ್ಲ ಕಲ್ಯಾಣದ ಗುಜರಿಯಿಂದ ತೂಕಕ್ಕೆ ತಂದದ್ದು. ಒಂದೊಂದರ ಕಿಲೋ ಗೋಡೆ ಮೇಲೆ ಬರೆದಿಟ್ಟಿದ್ದೆ. ಎಡಗಡೆಯ ಸೀಟು ಹತ್ತು ಕಿಲೋ. ಬೆಳಿಗ್ಗೆ ಎದ್ದು ಮುಟ್ಟಿದರೂ ಅದು ಬೆಚ್ಚಗಿರುತ್ತಿತ್ತು.

"ಇಲ್ಲಿ ಯಾರು ಕೂತಿದ್ದದ್ದು ಮಾರಾಯ್ರೆ?" ಎಂದು ಹೆಂಡತಿ ವಾರಿಜ ಕೇಳುತ್ತಿದ್ದಳು.

ಕಾರು ರಸ್ತೆಗಿಳಿಸಲು ಆರ್‌ಟಿಒ ಪಾಸಿಂಗ್ ಆಗಬೇಕು, ಅದಕ್ಕೆ ತೂಕದ ಚೀಟಿ ಬೇಕಿತ್ತು. ಒಂದು ಮಧ್ಯಾಹ್ನ ಒಬ್ಬನೇ ಹೋಗಿ, ಲಾರಿ ತೂಗುವ ಕಾಟಾದ ಮೇಲೆ ಕಾರು ನಿಲ್ಲಿಸಿ ಇಳಿದೆ. ಗೋಡೆಯ ಲೆಕ್ಕ ಆರುನೂರ ನಲವತ್ತು. ಕಾಟಾ ಏಳುನೂರು ತೋರಿಸಿತು, ಅರವತ್ತು ಕಿಲೋ ಹೆಚ್ಚು.

"ಖಾಲಿ ಗಾಡಿ ತೂಗಬೇಕು ಶೇಟ್, ಒಳಗಿದ್ದವರನ್ನು ಇಳಿಸಿ," ಎಂದ ಕಾಟಾದವನು, ತಲೆ ಎತ್ತದೆ.

ಮರುದಿನವೇ ಆ ಸೀಟು ಕಿತ್ತು ಗುಜರಿಗೆ ವಾಪಸ್ ಕೊಟ್ಟೆ. ಅಲ್ಲಿ ತೂಗಿದಾಗ ಸರಿಯಾಗಿ ಹತ್ತು ಕಿಲೋ. ಮನಸ್ಸು ಹಗುರಾಯಿತು. ಬರುವ ದಾರಿಯಲ್ಲಿ ಕಾರನ್ನು ಅದೇ ಕಾಟಾಕ್ಕೆ ಹತ್ತಿಸಿ ಇಳಿದೆ.

ಆರುನೂರ ತೊಂಬತ್ತು. ಸೀಟಿನ ಹತ್ತು ಕಿಲೋ ಮಾತ್ರ ಇಳಿದಿತ್ತು.