ಕುದಿಯುವ ಥಂಡಿ

"ಏನು ಓದೀರಿ ನೀವು?"

ಹುಮನಾಬಾದಿನ ನನ್ನ ರೇಡಿಯೊ ರಿಪೇರಿ ಅಂಗಡಿಗೆ ಕಾಲಿಟ್ಟ ಸುಗಂಧಾಳ ಮೊದಲ ಮಾತೇ ಅದು. ೧೯೮೩ರ ಆ ಮಧ್ಯಾಹ್ನ ನನ್ನ ಮೈಯೆಲ್ಲ ಉರಿದುಹೋಯಿತು.

"ಏಳನೇದು. ಡಿಗ್ರಿ ಬೇಕಂದ್ರ ಬ್ಯಾರೆ ಕಡೆ ಹೋಗ್ರಿ."

ಅವಳು ಹೋಗಲಿಲ್ಲ. ಮಾಣಿಕನಗರದ ಮಾಸ್ತರರ ಮಗಳು. ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಎದೆಗವಚಿ ತಂದ ತಗಡಿನ ಡಬ್ಬಿಯನ್ನು ಕೂಸಿನಂತೆ ಮೇಜಿನ ಮೇಲಿಟ್ಟಳು.

"ಹೀಯಾಳಿಸಾಕ ಕೇಳಲಿಲ್ರಿ. ಎಷ್ಟು ಬಿಡಿಸಿ ಹೇಳಬೇಕು ಅಂತ ಕೇಳಿದೆ."

ಹೇಳಿದಳು. ರೋಗಿಯ ಮೈಗೆ ಕೊಟ್ಟ ಔಷಧಿಯಿಂದ ಹೊರಡುವ ಕಣ್ಣಿಗೆ ಕಾಣದ ಕಿರಣಗಳನ್ನು ಜರ್ಮೇನಿಯಂ ಹರಳೊಂದು ಹಿಡಿಯುತ್ತದೆ. ಒಂದೊಂದು ಕಿರಣದ ಶಕ್ತಿಗೂ ಗ್ರಾಫಿನಲ್ಲಿ ಒಂದೊಂದು ಶಿಖರ ಏಳಬೇಕು. ಅವಳ ಗ್ರಾಫಿನಲ್ಲಿ ಎರಡು ಶಿಖರ ಕರಗಿ ಒಂದೇ ದಿಬ್ಬವಾಗಿದ್ದವು. ಹರಳಿನ ಸಣ್ಣ ವಿದ್ಯುತ್ ಮಿಡಿತವನ್ನು ದೊಡ್ಡದು ಮಾಡುವುದೇ ಈ ಡಬ್ಬಿ.

"ದೀಪಾವಳಿಯೊಳಗ ಎರಡೂ ಬಿಡಿಬಿಡಿ ಕಾಣಲಿಲ್ಲಂದ್ರ ಅಪ್ಪಾ ನನ್ನ ಓದು ಬಿಡಸಿ ಗುಲಬರ್ಗಾದ ವರಗ ಕೊಡತಾರ."

"ವರ ಹ್ಯಾಂಗ ಅದಾನ?"

"ನಿಮ್ಮಷ್ಟು ಸಿಟ್ಟಿಲ್ಲ." ವಾರೆಗಣ್ಣಿನಲ್ಲಿ ನೋಡಿದಳು.

ನನಗೆ ಗ್ರಾಫ್ ತಿಳಿಯದು. ಸದ್ದು ಮಾತ್ರ ಗೊತ್ತು. ಡಬ್ಬಿಗೆ ಹಳೆಯ ಸ್ಪೀಕರ್ ಜೋಡಿಸಿದೆ. ಇಬ್ಬರೂ ಬಾಗಿ ಕಿವಿಗೊಟ್ಟೆವು. ದೂರದ ಸೋನೆಯಂಥ ಸದ್ದು. ಅವಳ ಕೂದಲು ನನ್ನ ಕೆನ್ನೆಗೆ ತಾಗಿತು. ಬೀದಿ, ಬಿಸಿಲು, ನಾನು, ಎಲ್ಲ ತೇಲತೊಡಗಿದವು.

ಸೋಲಾಪುರದ ಲಾರಿಯೊಂದು ಹೊರಗೆ ಹಾದುಹೋಯಿತು. ಸ್ಪೀಕರ್ ಗುಂಯ್ ಎಂದಿತು. ಪೆನ್ಸಿಲಿನಿಂದ ಡಬ್ಬಿಯನ್ನು ತಟ್ಟಿದೆ. ಮತ್ತೆ ಗುಂಯ್.

"ಒಳಗಿನ ತಂತಿ ನಡಗಾಕತ್ತದ. ನಿಮ್ಮ ಲ್ಯಾಬಿನ್ಯಾಗ ಏನು ಅಲಗತದ?"

"ಏನಿಲ್ರಿ. ಹರಳು ಥಂಡಿ ಇರಲಿ ಅಂತ ಕೆಳಗ ದ್ರವ ನೈಟ್ರೋಜನ್ ಇಡತೀವಿ. ಅದು ಗುಳುಗುಳು ಕುದಿತಿರತದ..." ಅವಳ ಕಣ್ಣು ಅರಳಿದವು. "ಅಯ್ಯ! ಅದಕ್ಕ ತಂತಿ ನಡಗತದ, ಶಿಖರ ಒಂದಾಗತಾವ! ನಾವು ಹರಳೇ ಕೆಟ್ಟದ ಅಂತ ವರ್ಷಗಟ್ಟಲೆ ಕುಂತೀವಿ."

"ಥಂಡಿನೂ ಕುದಿತದೇನು?"

"ಕುದಿತದ. ನೀವು ಬಿಸಿಯಾಗಿ ಕುದಿತೀರಿ, ಅಷ್ಟೇ ಫರಕು."

ನಕ್ಕುಬಿಟ್ಟೆ. ತಂತಿಯನ್ನು ಗಿಡ್ಡ ಮಾಡಿ, ಬಿಗಿದು, ಮೇಣ ಹಾಕಿ ಕೂರಿಸಿದೆ. ಚಹಾ ತಂದ ಪಕ್ಕದಂಗಡಿಯ ಸಲಾವುದ್ದೀನ್ ಚಾಚಾ ನಮ್ಮಿಬ್ಬರನ್ನೂ ನೋಡಿದರು. "ವೈಜನಾಥ, ಇಷ್ಟು ಮೆಲ್ಲಕ ಮಾತಾಡೋದು ಯಾವಾಗ ಕಲ್ತಿ ಬೇಟಾ?"

ಡಬ್ಬಿ ಒಯ್ದ ಮೇಲೆ ಇಪ್ಪತ್ತು ದಿನ ಅವಳ ಸುದ್ದಿಯಿಲ್ಲ. ಬಂದ ಗಿರಾಕಿಗಳ ಮೇಲೆಲ್ಲ ಹರಿಹಾಯ್ದೆ.

ದೀಪಾವಳಿಗೆ ನಾಲ್ಕು ದಿನವಿರುವಾಗ ಬಂದಳು. ಮೇಜಿನ ಮೇಲೆ ಗ್ರಾಫಿನ ಕಾಗದ ಹಾಸಿದಳು. ಎರಡು ಶಿಖರ, ನಡುವೆ ಚೊಕ್ಕ ಕಣಿವೆ.

"ಅಪ್ಪಾ ಓದು ಮುಗಸು ಅಂದ್ರು. ಗುಲಬರ್ಗಾದವರಿಗೆ ಬ್ಯಾಡ ಅಂತ ಬರದ್ರು."

"ಮತ್ತ ಮದುವಿ?"

"ಈ ಡಬ್ಬಿ ಸರಿ ಮಾಡಿದವರನ್ನ ಆಗತೀನಿ ಅಂತ ಹೇಳೀನಿ."

"ನನ್ನ ಕೇಳದೇ ಹೇಳಿದ್ರೇನು?" ಎಂದು ರೇಗಿದೆ. ದನಿ ಮಾತ್ರ ಮೆತ್ತಗೇ ಬಂತು.

"ಈಗ ಕೇಳಾಕತ್ತೇನಲ್ರಿ."

ಊರಿಗೆಲ್ಲ ಬೈಯಬಲ್ಲ ಬಾಯಿಗೆ ಒಂದು 'ಹೂಂ' ಬರಲಿಲ್ಲ. ಹೌದೆಂದು ತಲೆಯಾಡಿಸಿದೆ.